ಎರಡು ಅಂಕಣ, ಒಂದು ಕ್ಯಾಮೆರಾ

ನಮ್ಮ ಪಿ.ಡಿ. ಸರ್ ಕೈ ಕುಲುಕಿದರೆ ಕುಲುಕಿಸಿಕೊಂಡವರು ಸ್ವಲ್ಪ ಹೊತ್ತು ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಅವರ ಎರಡೂ ಅಂಗೈಗಳಿಗೆ ಅಡ್ಡಲಾಗಿ ಒಂದೊಂದು ದಪ್ಪ ಬರೆ. ಅಲ್ಲಿ ಚರ್ಮ ಹಳದಿಗೆ ತಿರುಗಿ, ಮರದ ತೊಗಟೆಯಷ್ಟು ಗಟ್ಟಿಯಾಗಿತ್ತು. ಅವರು ಚಪ್ಪಾಳೆ ತಟ್ಟಿದರೆ ಅದು ಚಪ್ಪಾಳೆಯಂತೆ ಕೇಳುತ್ತಲೇ ಇರಲಿಲ್ಲ, ಹಲಗೆಯ ಮೇಲೆ ಹಲಗೆ ಬಿದ್ದ ಹಾಗೆ ಕೇಳುತ್ತಿತ್ತು. ಸಿಟ್ಟು ಬಂದರೆ ಅವರು ಕೂಗುತ್ತಿರಲಿಲ್ಲ. ದನಿ ಇಳಿಯುತ್ತಿತ್ತು, ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜತೊಡಗುತ್ತಿದ್ದರು. ಆ ಗರಗರ ಸದ್ದು ಕಿವಿಗೆ ಬಿದ್ದರೆ ಎಂಥ ಬಾಯಿಬಡುಕಿಯೂ ಸುಮ್ಮನಾಗಬೇಕು. ನಾನೇ ಸುಮ್ಮನಾಗುತ್ತಿದ್ದೆ ಅಂದರೆ ನಮ್ಮ ಶೆಟಗೇರಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಆ ಬರೆ ರಂಪಣಿಯ ಹಗ್ಗದ್ದು. ಅವರು ಕಾರವಾರದ ಬೈತಖೋಲಿನ ಮೀನುಗಾರರ ಮನೆಯವರು. ಅವರು ಸಣ್ಣವರಿದ್ದಾಗ ಕಡಲಿನಲ್ಲಿ ದೊಡ್ಡ ರಂಪಣಿ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ನಿಂತು ಇಡೀ ಕೇರಿಯೇ ಎಳೆಯುತ್ತಿತ್ತಂತೆ. ಮುದುಕರು, ಹೆಂಗಸರು, ದಾರಿಯಲ್ಲಿ ಹೋಗುವವರು, ಯಾರು ಬಂದು ಹಗ್ಗಕ್ಕೆ ಕೈ ಹಚ್ಚಿದರೂ ಮೀನಿನಲ್ಲಿ ಪಾಲು. ಕಾಯಿಲೆ ಬಿದ್ದು ಬರಲಾಗದವರ ಪಾಲನ್ನು ಮನೆಗೇ ಮುಟ್ಟಿಸುತ್ತಿದ್ದರಂತೆ. ಸರ್ ಆಟದ ವಿಷಯ ಹೇಳುವಾಗಲೂ ಇದೇ ಹಗ್ಗ ಬರುತ್ತಿತ್ತು. "ಹಗ್ಗ ಒಬ್ಬ ಬಿಟ್ರೆ ಹತ್ತು ಜನ ಅಂಡೂರಿ ಕೂರ್ತಾರೆ" ಎನ್ನುವುದು ಅವರ ಶಾಸ್ತ್ರವಾಕ್ಯ. ಕಬಡ್ಡಿಯಲ್ಲಿ ನಾವು ಕೈ ಕೈ ಹಿಡಿದು ಸರಪಳಿ ಕಟ್ಟುವಾಗ ಯಾರಾದರೂ ಕೈ ಬಿಟ್ಟರೆ ಅವರು ಮೊದಲು ಹೇಳುತ್ತಿದ್ದದ್ದು ಇದನ್ನೇ.

ನಿಜ ಹೇಳಬೇಕೆಂದರೆ ಅವರು ನಮ್ಮ ಪಿ.ಡಿ. ಸರ್ ಅಲ್ಲವೇ ಅಲ್ಲ. ಅವರು ಕಾರವಾರದ ದೊಡ್ಡ ಕಾಲೇಜಿನ ದೈಹಿಕ ಶಿಕ್ಷಣದ ಸರ್. ನಾನು ಓದುತ್ತಿದ್ದದ್ದು ಅಂಕೋಲೆಯ ಸಣ್ಣ ಕಾಲೇಜಿನಲ್ಲಿ. ನಮಗೆ ಪಿ.ಡಿ. ಎಂಬ ಜೀವಿಯೇ ಇರಲಿಲ್ಲ. ಇದ್ದದ್ದು ಒಂದು ಮೈದಾನ, ಅದರಲ್ಲಿ ಮೇಯುವ ದನ, ಮತ್ತು ಗದ್ದೆ ಕೆಲಸ ಮುಗಿಸಿ ಕಾಲೇಜಿಗೆ ಬರುವ ನಾವೊಂದಿಷ್ಟು ಹುಡುಗಿಯರು. ಒಮ್ಮೆ ಯಾವುದೋ ಕೆಲಸಕ್ಕೆ ಅಂಕೋಲೆಗೆ ಬಂದಿದ್ದ ಸರ್ ನಾವು ಆಡುವುದನ್ನು ಬೇಲಿಯಾಚೆ ನಿಂತು ನೋಡಿದರು.

"ಯಾರು ಕಲಿಸಿದ್ರು ನಿಮ್ಗೆ?" ಎಂದು ಕೇಳಿದರು.

"ಯಾರೂ ಇಲ್ರೀ" ಎಂದೆ.

"ಅದು ಕಾಣ್ತದೆ" ಎಂದು ನಕ್ಕರು. ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಆಮೇಲೆ ಪ್ರತಿ ಶನಿವಾರ ಬಂದರು. ಒಂದು ಕೈಯಲ್ಲಿ ಗೆರೆ ಎಳೆಯಲು ಸುಣ್ಣದ ಪುಡಿ ತುಂಬಿದ ಬಿಸ್ಕೀಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ನಮ್ಮ ಆಯಿಯರಿಗೆಂದು ಒಣಮೀನಿನ ಚೀಲ. ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡು ಅವರನ್ನು ಶಪಿಸುತ್ತಿದ್ದರು. "ಮೀನು ಕೊಟ್ರೆ ತಾಯಂದ್ರು ಮಕ್ಳನ್ನ ಆಟಕ್ಕೆ ಕಳಿಸ್ತಾರೆ. ಭಾಷಣ ಕೊಟ್ರೆ ಕಳಿಸೂದಿಲ್ಲ" ಎನ್ನುತ್ತಿದ್ದರು. ಅವರ ಮನೆಮಾತು ಕೊಂಕಣಿ. ಹುಡುಗಿಯರನ್ನೆಲ್ಲ "ಬಾಯ್" ಎಂದೇ ಕರೆಯುತ್ತಿದ್ದರು, ಮಾತಿನ ಕೊನೆಗೆ ಒಂದು "ಗೋ" ಸೇರಿಸುತ್ತಿದ್ದರು. ನಮಗೆ ಅದು ಬೈಗುಳದಲ್ಲಿಯೂ ಅಕ್ಕರೆಯಂತೆ ಕೇಳುತ್ತಿತ್ತು.

ಕಾರವಾರದಿಂದ ಈಚೆಗಿನ ಏಳು ಕಾಲೇಜುಗಳನ್ನು ಸೇರಿಸಿ ವರ್ಷಕ್ಕೊಂದು ಕಬಡ್ಡಿ ಕೂಟ ಮಾಡುವ ಪದ್ಧತಿ ಹಾಕಿದ್ದೂ ಅವರೇ. ದೊಡ್ಡದು ಒಂದೇ, ಅವರದ್ದು. ಉಳಿದವೆಲ್ಲ ನಮ್ಮಂಥವು.

ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನ ಸಮಿತಿಯ ಅಧ್ಯಕ್ಷರು ಒಂದು ಮಾತು ಹೇಳಿದರು. ಅವರೇನು ದುಷ್ಟರಲ್ಲ, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಖರ್ಚು ಆರಿಸುವವರು ಅಷ್ಟೇ. ನಾನು ತಂಡದ ನಾಯಕಿ ಎಂದು ನನ್ನನ್ನು ಕರೆಸಿ, "ಹುಡುಗರ ಆಟ ನೋಡೂಕಾದ್ರೂ ನಾಲ್ಕು ಜನ ಸೇರ್ತಾರೆ. ನಿಮ್ಮ ಆಟ ಯಾರು ಕಂಡಿದ್ದಾರೆ, ತಂಗಿ? ಕಂಡವರಿಲ್ಲದ ಆಟಕ್ಕೆ ಖರ್ಚು ಎಂತಕ್ಕೆ? ಈ ವರ್ಷ ಆಡಿ. ಬರೂ ವರ್ಷದಿಂದ ಹುಡುಗೀರ ಟೀಮು ಬೇಡ" ಎಂದರು. ನನ್ನ ಹಿಂದೆ ಇನ್ನೂ ಎರಡು ವರ್ಷ ಓದಬೇಕಾದ ಹುಡುಗಿಯರಿದ್ದರು. ಅವರ ಮನೆಗಳಲ್ಲಿ ಆಟ ನಿಂತರೆ ಕಾಲೇಜೂ ನಿಲ್ಲುತ್ತಿತ್ತು. ಆಟದಲ್ಲಿ ಹೆಸರು ಬಂದರೆ ಮುಂದೆ ನೌಕರಿ ಸಿಗಬಹುದೆಂಬ ಒಂದೇ ಆಸೆಯ ಮೇಲೆ ಅವರನ್ನು ಓದಲು ಬಿಟ್ಟಿದ್ದರು. ನನ್ನ ಮನೆಯಲ್ಲಿಯೂ ಲೆಕ್ಕ ಅದೇ.

ಶನಿವಾರ ಸರ್ ಬಂದಾಗ ಹೇಳಿದೆ. ಅವರು ಬಿಸ್ಕೀಟಿನ ಡಬ್ಬಿ ಕೆಳಗಿಟ್ಟರು. ಅಂಗೈ ಉಜ್ಜಿಕೊಂಡರು.

"ಕಂಡವರಿಲ್ಲ ಅಂದ್ರಾ? ಹಂಗಾರೆ ಕಾಣಿಸ್ವಾ" ಎಂದರು.

ಕಾರವಾರಕ್ಕೆ ಆಗಷ್ಟೇ ಕೇಬಲ್ ಟೀವಿ ಬಂದಿತ್ತು. ಮೊದಲು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವನೊಬ್ಬ ಊರ ತುಂಬ ತಂತಿ ಎಳೆದು, ಬಿಣಗಾದ ಕಾರ್ಖಾನೆಯ ವಸತಿಗಳವರೆಗೂ ಮುಟ್ಟಿಸಿದ್ದ. ಒಂದು ಚಾನೆಲ್ಲು ಅವನದೇ. ಅದರಲ್ಲಿ ಸಿನಿಮಾ ಹಾಕುತ್ತಿದ್ದ, ಊರಿನ ಮದುವೆ, ಗಣಪತಿ ಹಬ್ಬ ತೋರಿಸುತ್ತಿದ್ದ. ಅಂಕೋಲೆಯಲ್ಲಿ ಅವನ ಭಾವನದೊಂದು ಕೇಬಲ್ ಇತ್ತು. ಇಲ್ಲಿ ತೋರಿಸಿದ್ದರ ಕ್ಯಾಸೆಟ್ ಅಲ್ಲಿಗೆ ಹೋಗಿ ಮರುದಿನ ಸಂಜೆ ಅಲ್ಲಿಯೂ ಮೂಡುತ್ತಿತ್ತು. ಈ ಕೇಬಲಿನವನ ಕಣ್ಣು ನಮ್ಮ ಕೂಟದ ಮೇಲೆ ಬಿದ್ದಿತ್ತು. ಹಾಗಾಗಿ ಏಳೂ ಕಾಲೇಜಿನವರು ಒಟ್ಟಿಗೆ ಕೂತು ಅವನೊಡನೆ ಮಾತಾಡುವುದೆಂದಾಯಿತು. ಆರು ಕಾಲೇಜಿನ ಸರ್‌ಗಳು ಬಂದರು. ನಮಗೆ ಸರ್ ಇಲ್ಲವಲ್ಲ, ಪಿ.ಡಿ. ಸರ್ ನನಗೆ "ನೀನೇ ಬಾ ಗೋ" ಎಂದರು. ಅವನ ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸ್ಟೂಲಿನ ತುದಿಯಲ್ಲಿ ಕೂತೆ.

ಕೇಬಲಿನವ ಚಹ ತರಿಸಿ ನೇರವಾಗಿ ವಿಷಯಕ್ಕೆ ಬಂದ. "ನಂಗೆ ದೊಡ್ಡ ಕಾಲೇಜಿನ ಹುಡುಗರ ಮ್ಯಾಚು ಸಾಕು ಸರ್. ಫೈನಲ್ ಒಂದು ಲೈವ್ ತೋರಿಸ್ತೇನೆ. ಉಳಿದದ್ದು ಯಾರು ನೋಡ್ತಾರೆ?"

"ಏಳೂ ಕಾಲೇಜು. ಹುಡುಗ್ರು, ಹುಡುಗೀರು. ಒಂದೇ ಬಲೆ" ಎಂದರು ಸರ್.

"ಬಲೆಯಲ್ಲಿ ಬಂಗಡೆನೂ ಬರ್ತದೆ, ಕಸನೂ ಬರ್ತದೆ. ನಾನು ಧಂದೆ ಮಾಡೂವವ, ಕಸ ತಕಂಡು ಎಂತ ಮಾಡ್ಲಿ?"

ಕಸ ಎಂದಾಗ ಅವನ ಕಣ್ಣು ನನ್ನ ಕಡೆ ಒಮ್ಮೆ ಹಾದುಹೋಯಿತು. ನಾನು ಬಾಯಿ ತೆರೆಯುವುದರೊಳಗೆ ಸರ್ ಹೇಳಿದರು: "ಆರಿಸೂದು ಬಲೆ ದಂಡೆಗೆ ಬಂದ ಮೇಲೆ. ಎಳೀವಾಗ ಎಲ್ಲಾ ಒಂದೇ ಹಗ್ಗ. ಬೇಡಾದ್ರೆ ಬಿಡು ಬಾಬಾ, ನಿನ್ನ ಚಹ ಚಲೋ ಇತ್ತು."

ಹೇಳಿ ಎದ್ದೇಬಿಟ್ಟರು. ಉಳಿದ ಸರ್‌ಗಳು ಮುಖ ಮುಖ ನೋಡಿಕೊಂಡರು. ಒಬ್ಬರಂತೂ ಅರ್ಧ ಎದ್ದು ಅರ್ಧ ಕೂತರು. ಆದರೆ ಸರ್ ಬಾಗಿಲು ದಾಟಿದ ಮೇಲೆ ಎಲ್ಲರೂ ಎದ್ದರು, ನಾನೂ ಎದ್ದೆ. ಅಂಗಡಿಯ ಮೆಟ್ಟಿಲು ಇಳಿಯುವಾಗ ಕೇಬಲಿನವ ಹಿಂದಿನಿಂದ ಕರೆದ. ಆಯಿತು, ಎಲ್ಲ ಮ್ಯಾಚೂ ತೋರಿಸುತ್ತೇನೆ ಎಂದ. ಬದಲಿಗೆ ಮೂರು ವರ್ಷ ಅವನ ಕ್ಯಾಮೆರಾ ಬಿಟ್ಟು ಬೇರೆ ಯಾರ ಕ್ಯಾಮೆರಾವೂ ನಮ್ಮ ಕೂಟದ ಮೈದಾನಕ್ಕೆ ಬರಬಾರದು. ಹಾಗಾದರೆ ಎಲ್ಲ ತಂಡಗಳಿಗೂ ಅಂಗಿ-ಚಡ್ಡಿ ಅವನೇ ಕೊಡಬೇಕು ಎಂದರು ಸರ್. ಅಂಗಡಿಯ ಗಣಪತಿಯ ಫೋಟೋದ ಮುಂದೆ ತೆಂಗಿನಕಾಯಿ ಇಟ್ಟು ಮಾತು ಗಟ್ಟಿಮಾಡಿದರು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನು ಕುಣಿಯುವುದೊಂದು ಬಾಕಿ.

ಸರ್ ಮಾತ್ರ ನಗಲಿಲ್ಲ. "ಬಲೆ ನೀರಿಗೆ ಬಿದ್ದದ್ದಷ್ಟೇ ಗೋ" ಎಂದರು.

ಅವರ ಅನುಮಾನ ಸುಳ್ಳಾಗಲಿಲ್ಲ. ಕೂಟಕ್ಕೆ ಮುಂಚಿನ ಶನಿವಾರ ಅವರು ಅಂಕೋಲೆಗೆ ಬಂದಾಗ ಒಣಮೀನಿನ ಚೀಲ ಇರಲಿಲ್ಲ. ಮರೆತು ಬಂದಿದ್ದರು. ಅಭ್ಯಾಸ ಮುಗಿದು, ಬಸ್ಸಿಗೆ ಕಾಯುತ್ತ ನಿಂತಾಗ ನನಗೊಬ್ಬಳಿಗೇ ಹೇಳಿದರು. ಕೇಬಲಿನವ ಅವರ ಪ್ರಿನ್ಸಿಪಾಲರನ್ನು ಹೋಗಿ ಕಂಡಿದ್ದ. ದೊಡ್ಡ ಕಾಲೇಜು ಬೇರೆಯಾಗಿ ಒಪ್ಪಿಕೊಂಡರೆ ವರ್ಷವಿಡೀ ಅವರ ಆಟ, ಅವರ ವಾರ್ಷಿಕ ಗ್ಯಾದರಿಂಗು, ಅವರ ಕಾಲೇಜಿನ ಬೋರ್ಡು ಎಲ್ಲ ತೋರಿಸುತ್ತೇನೆ ಎಂದಿದ್ದ. ಪ್ರಿನ್ಸಿಪಾಲರು ಸರ್ ಅವರನ್ನು ಕರೆಸಿ, "ನೀವು ಸಂಬಳ ತಗೊಳ್ಳುವುದು ಯಾವ ಕಾಲೇಜಿನಿಂದ?" ಎಂದು ಕೇಳಿದ್ದರು.

"ನೀವೆಂತ ಹೇಳಿದ್ರಿ ಸರ್?"

"ಈ ವರ್ಷ ಮಾತು ಕೊಟ್ಟಾಗಿದೆ ಅಂದೆ." ಅಂಗೈ ಗರಗರ ಎಂದಿತು. "ನಮ್ಮ ರಂಪಣಿ ಮುರಿದದ್ದು ಕಡಲಲ್ಲಿ ಅಲ್ಲ ಗೋ, ದಂಡೆಯ ಮೇಲೆ. ನನ್ನ ಸ್ವಂತ ಕಾಕಾ ಮೊದಲು ಹಗ್ಗ ಬಿಟ್ಟ, ಯಾಂತ್ರಿಕ ದೋಣಿ ತಕಂಡ. ಅವನು ತಪ್ಪು ಮಾಡ್ದ ಅಂತ ಹೇಳೂಕೆ ಬರೂದಿಲ್ಲ, ಅವಂಗೂ ಮಕ್ಳು ಮರಿ. ಆದ್ರೆ ಅವನ ಹಿಂದೆ ಇನ್ನೊಬ್ಬ ಬಿಟ್ಟ, ಮತ್ತೊಬ್ಬ ಬಿಟ್ಟ. ನನ್ನ ಅಜ್ಜಿ ಒಬ್ಳೇ ಹೋಗಿ ದಂಡೆ ಮೇಲೆ ನಿಲ್ತಿದ್ಲು. ಹಗ್ಗ ಇಲ್ಲ, ಬಲೆ ಇಲ್ಲ. ಸುಮ್ನೆ ನಿಲ್ತಿದ್ಲು."

ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ಅವಳು ಒಂದು ಹೇಳ್ತಿದ್ಲು. ಮೊದ್ಲೆಲ್ಲಾ ಪಾಲಿನಲ್ಲಿ ತಂಟೆ ಬಂದ್ರೆ ಯಾರೂ ಹೊಡೆದಾಡ್ತಿರ್ಲಿಲ್ವಂತೆ. ಹಗ್ಗ ಎಳೀತಾನೂ ಇರ್ಲಿಲ್ಲ, ಬಿಡ್ತಾನೂ ಇರ್ಲಿಲ್ಲ. ಹಿಡ್ಕಂಡು ನಿಲ್ಲೂದು. ಮೀನೆಲ್ಲ ಬಲೆಯಲ್ಲಿ, ಜನ ಎಲ್ಲ ದಂಡೆಯಲ್ಲಿ. ತಂಟೆ ಮುಗಿಯೂವರೆಗೆ ಹಂಗೇ" ಎಂದರು. ಆಗ ನಾನು ಅದನ್ನು ಅಜ್ಜಿಯ ಕತೆ ಎಂದಷ್ಟೇ ಕೇಳಿಸಿಕೊಂಡೆ.

ಕೂಟ ನಡೆದದ್ದು ಕಾರವಾರದಲ್ಲಿ, ಕಡಲ ದಂಡೆಯ ಗಾಳಿಮರಗಳ ಪಕ್ಕದ ಮೈದಾನದಲ್ಲಿ. ಸಣ್ಣ ಪಂದ್ಯಗಳೆಲ್ಲ ಮೊದಲ ದಿನ ಮುಗಿದವು. ಅವುಗಳನ್ನು ಕೇಬಲಿನವ ಹೇಗೋ ಕತ್ತರಿಸಿ ತೋರಿಸಿದ, ಯಾರೂ ಜಗಳ ಮಾಡಲಿಲ್ಲ. ಎರಡನೇ ದಿನ ಫೈನಲ್ಲು, ಲೈವ್. ನಾವು ಹುಡುಗಿಯರ ಫೈನಲ್ಲಿಗೆ ಬಂದಿದ್ದೆವು. ಹುಡುಗರಲ್ಲಿ ದೊಡ್ಡ ಕಾಲೇಜು ಮತ್ತು ಇನ್ನೊಂದು ಸಣ್ಣ ಕಾಲೇಜು.

ಇಲ್ಲಿಯೇ ನಮ್ಮ ಸರ್ ಎಡವಿದರು. ಪ್ರತಿ ವರ್ಷ ಅವರು ಎರಡು ಅಂಕಣಗಳನ್ನು ಅಕ್ಕಪಕ್ಕದಲ್ಲಿ ಹಾಕಿ, ಹುಡುಗರ ಹುಡುಗಿಯರ ಆಟ ಒಂದೇ ಹೊತ್ತಿಗೆ ಸುರುಮಾಡುತ್ತಿದ್ದರು. ಹುಡುಗಿಯರು ಹೊತ್ತು ಮುಳುಗುವ ಮೊದಲು ಅಂಕೋಲೆಯ ಬಸ್ಸು ಹಿಡಿಯಬೇಕು, ಇಲ್ಲದಿದ್ದರೆ ಮರುವರ್ಷ ಮನೆಯವರು ಕಳಿಸುವುದಿಲ್ಲ ಎನ್ನುವುದು ಅವರ ಎಚ್ಚರ. ಆ ವರ್ಷವೂ ಬೆಳಿಗ್ಗೆ ಬರಿಗಾಲಲ್ಲಿ ಓಡಾಡಿ, ಡಬ್ಬಿಯ ಸುಣ್ಣ ಚೆಲ್ಲಿ, ನೇರವಾಗಿ ಎರಡು ಅಂಕಣ ಎಳೆದರು. ಅವರು ಬಸ್ಸಿನ ವಿಚಾರ ಮಾಡಿದರು, ಕ್ಯಾಮೆರಾ ಒಂದೇ ಎಂಬ ವಿಚಾರ ಮಾಡಲಿಲ್ಲ. ಆಟ ನೋಡುವವರು ಕತ್ತು ತಿರುಗಿಸಿದರೆ ಎರಡೂ ಕಾಣುತ್ತಿತ್ತಲ್ಲ, ಟೀವಿಯೂ ಹಾಗೇ ಎಂದುಕೊಂಡಿದ್ದರು.

ಸೀಟಿ ಊದಿದರು. ಎರಡೂ ಕಡೆ ಆಟ ಸುರುವಾಯಿತು. ನಾನು ಮೊದಲ ರೇಡಿಗೆ ಹೋಗಿ ಬಂದು ನೋಡಿದರೆ, ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ಪೂರ್ತಿ ಹುಡುಗರ ಅಂಕಣದ ಕಡೆಗಿತ್ತು. ನಮಗೆ ಕಾಣುತ್ತಿದ್ದದ್ದು ಕ್ಯಾಮೆರಾ ಹಿಡಿದವನ ಬೆನ್ನು, ಬೆವರಿನಿಂದ ಒದ್ದೆಯಾದ ಅಂಗಿ. ಈಗ ತಿರುಗುತ್ತದೆ, ಇನ್ನೊಂದು ಪಾಯಿಂಟಿಗೆ ತಿರುಗುತ್ತದೆ ಎಂದು ನಾನು ಆ ಬೆನ್ನನ್ನೇ ನೋಡುತ್ತ ಎರಡು ಸಲ ಔಟಾದೆ. ಅರ್ಧ ಆಟ ಮುಗಿಯಿತು. ಬೆನ್ನು ತಿರುಗಲಿಲ್ಲ. ನಾವು ಕ್ಯಾಸೆಟ್ಟಿನಲ್ಲಿ ಇಲ್ಲವೆಂದರೆ ಅಂಕೋಲೆಯ ಮಟ್ಟಿಗೆ ನಾವು ಆಡಿಯೇ ಇಲ್ಲ. ಅಧ್ಯಕ್ಷರ ಮಾತು ಗೆದ್ದ ಹಾಗೇ. ನಮ್ಮ ತಂಡದ ಅತಿ ಸಣ್ಣವಳೊಬ್ಬಳು ಬಾಟಲಿಯ ನೀರು ಕುಡಿಯುತ್ತ ಅಳತೊಡಗಿದಳು.

ಸರ್ ಕೇಬಲಿನವನ ಹತ್ತಿರ ಹೋದರು. ನಾನೂ ಹಿಂದೆ ಓಡಿದೆ.

"ಇದೆಂತ ಮಾತು ಕೊಟ್ಟದ್ದು ನೀನು?"

"ನಾನು ಮಾತು ತಪ್ಪಲಿಲ್ಲ ಸರ್. ಎರಡು ಅಂಕಣ ಹಾಕಿದವ್ರು ನೀವು. ಒಂದು ಕ್ಯಾಮೆರಾ ಎರಡು ಕಡೆ ನೋಡೂಕೆ ಆಗ್ತದ್ಯಾ? ಅದಕ್ಕೆಂತ ಎರಡು ಕತ್ತು ಉಂಟಾ?"

ಸರ್ ಎರಡೂ ಅಂಕಣಗಳನ್ನು ಒಮ್ಮೆ ನೋಡಿದರು. ತಾವೇ ಎಳೆದ ಬಿಳಿಯ ಗೆರೆಗಳು.  "ಹುಡುಗರ ಆಟ ಸ್ವಲ್ಪ ತಡೆದು ಸುರುಮಾಡಿಸ್ತೇನೆ. ಅಲ್ಲೀತನಕ ಇತ್ಲಾಗೆ ತಿರುಗಿಸು" ಎಂದರು. ಕೇಬಲಿನವ ಶಾಮಿಯಾನದ ಕಡೆ ನೋಡಿದ. ಅಲ್ಲಿ ಕುರ್ಚಿಯಲ್ಲಿ ಕೂತಿದ್ದ ಪ್ರಿನ್ಸಿಪಾಲರು ಇಲ್ಲವೆಂದು ತಲೆಯಾಡಿಸಿದರು.

ನನಗೆ ಇನ್ನು ಮುಗಿಯಿತು ಎನಿಸಿತು. ಸರ್ ಅಂಗೈ ಉಜ್ಜುತ್ತ, ನಿಧಾನಕ್ಕೆ, ತಮ್ಮ ಕಾಲೇಜಿನ ಹುಡುಗರು ಕೂತಲ್ಲಿಗೆ ನಡೆದರು. ಅವರ ಕಿವಿಯಲ್ಲಿ ಹೇಳುವಂತೆ ಏನೋ ಸ್ವಲ್ಪವೇ ಹೇಳಿದರು. ಹುಡುಗರ ನಾಯಕ ಒಮ್ಮೆ ಪ್ರಿನ್ಸಿಪಾಲರ ಕಡೆ, ಒಮ್ಮೆ ಸರ್ ಕಡೆ ನೋಡಿದ. ಅವನು ಬಿಣಗಾದ ಕಾರ್ಖಾನೆಯ ಕೆಲಸಗಾರನ ಮಗ. ಅವನ ಮನೆಯವರು, ಅಕ್ಕಪಕ್ಕದವರು ಎಲ್ಲ ಟೀವಿ ಮುಂದೆ ಕೂತಿದ್ದ ದಿನ ಅದು.

ಮತ್ತೆ ಸೀಟಿ ಊದಿದರು. ನಮ್ಮ ಆಟ ಸುರುವಾಯಿತು. ಪಕ್ಕದಲ್ಲಿ ದೊಡ್ಡ ಕಾಲೇಜಿನ ಏಳು ಹುಡುಗರು ಅಂಕಣಕ್ಕೆ ಇಳಿದು, ಒಬ್ಬರ ಕೈ ಒಬ್ಬರು ಹಿಡಿದು, ಈ ಗೆರೆಯಿಂದ ಆ ಗೆರೆಯವರೆಗೆ ಸಾಲಾಗಿ ನಿಂತರು. ನಿಂತರು ಅಷ್ಟೇ. ಎದುರಾಳಿ ಹುಡುಗ ಕಬಡ್ಡಿ ಕಬಡ್ಡಿ ಎನ್ನುತ್ತ ಬಂದ. ಯಾರೂ ಅಲ್ಲಾಡಲಿಲ್ಲ. ಮುಟ್ಟಿದ. ಆಗಲೂ ಅಲ್ಲಾಡಲಿಲ್ಲ. ಅವನಿಗೆ ಗಾಬರಿಯಾಗಿ ಕಬಡ್ಡಿ ಎನ್ನುವುದನ್ನೇ ಮರೆತು, "ಎಂತ ಆಯ್ತ್ರೋ?" ಎಂದು ಕೇಳಿದ.

"ಹುಡುಗೀರ ಆಟ ಮುಗೀಲಿ ಮಾರಾಯಾ" ಎಂದ ನಾಯಕ.

ತೀರ್ಪು ಕೊಡುವ ಪಂಚರು ಗಡಿಯಾರ ನೋಡತೊಡಗಿದರು. ಆಡದೆ ನಿಂತ ತಂಡ ಸೋತಂತೆ ಎಂದು ನಿಯಮ. ಎದುರಾಳಿಗಳು ಸುಮ್ಮನಿದ್ದರೆ ಸಾಕಿತ್ತು, ಗೆಲುವಿನ ಕಪ್ಪು ಅವರ ಮನೆಗೆ ನಡೆದು ಬರುತ್ತಿತ್ತು. ಅವರ ನಾಯಕ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ತನ್ನ ಪಕ್ಕದವನ ಕೈ ಹಿಡಿದ. ಅವರದ್ದೂ ಸಾಲಾಯಿತು. ಮಧ್ಯಗೆರೆಯ ಆಚೆ ಏಳು, ಈಚೆ ಏಳು. ಕಡಲಿನ ಗಾಳಿಗೆ ಅವರ ಹೊಸ ಅಂಗಿಗಳು ಪಟಪಟ ಎನ್ನುತ್ತಿದ್ದವು, ಬೇರೆ ಸದ್ದಿಲ್ಲ.

ಇದೆಲ್ಲ ನಾನು ರೇಡಿನ ನಡುವೆ ಓರೆಗಣ್ಣಿನಲ್ಲಿ ಕಂಡದ್ದು. ಅಷ್ಟರಲ್ಲಿ ಕೇಬಲ್ ಆಫೀಸಿನವನೊಬ್ಬ ಲೂನಾದ ಮೇಲೆ ಧೂಳೆಬ್ಬಿಸುತ್ತ ಬಂದ. "ಫೋನು ಕೆಳಗಿಡೂಕೆ ಬಿಡ್ತಿಲ್ಲ! ಬಿಣಗಾದವ್ರೆಲ್ಲ ಚಿತ್ರ ಸಿಕ್ಕಾಕ್ಕೊಂಡದೆ, ಸರಿ ಮಾಡಿ ಅಂತ ಬೈತಿದ್ದಾರೆ!" ಎಂದು ಕೂಗಿದ. ಕಾರವಾರದ ಜನ ಟೀವಿಗೆ ಬಡಿದು ಬಡಿದು ನೋಡುತ್ತಿದ್ದರಂತೆ. ಒಬ್ಬರು ಮನೆಯ ಮಾಡು ಹತ್ತಿ ತಂತಿ ಜಗ್ಗಿದರಂತೆ. ನನಗೆ ಆ ಬಿಗುವಿನಲ್ಲಿಯೂ ನಗು ಬಂದು, ಉಸಿರು ತಪ್ಪಿ ಇನ್ನೊಂದು ಪಾಯಿಂಟು ಹೋಯಿತು.

ಪ್ರಿನ್ಸಿಪಾಲರು ಶಾಮಿಯಾನದಿಂದ ಇಳಿದು ಬಂದರು. "ಇದರ ಪರಿಣಾಮ ನಿಮಗೆ ಗೊತ್ತಿದೆಯೇನ್ರೀ? ಆಡಲಿಕ್ಕೆ ಹೇಳಿ ಅವರಿಗೆ" ಎಂದರು.

ಸರ್ ಕೈ ಹಿಂದೆ ಕಟ್ಟಿಕೊಂಡಿದ್ದರು. ದನಿ ಎಷ್ಟು ಇಳಿದಿತ್ತೆಂದರೆ ನಾನು ಕಿವಿ ಕೊಟ್ಟು ಕೇಳಬೇಕಾಯಿತು. "ಆಡ್ತಾರೆ ಸಾಹೇಬ್ರೇ. ಹಗ್ಗ ಬಿಡ್ಲಿಲ್ಲ ಅವ್ರು. ಹಿಡ್ಕಂಡು ನಿಂತಿದ್ದಾರೆ."

ಕೇಬಲಿನವ ತಲೆಯ ಮೇಲೆ ಕೈ ಹೊತ್ತು ಒಂದು ಸುತ್ತು ತಿರುಗಿದ. ನಿಂತವರನ್ನು ಎಷ್ಟು ಹೊತ್ತು ತೋರಿಸುವುದು? ಇಡೀ ಮೈದಾನದಲ್ಲಿ ಅಲ್ಲಾಡುತ್ತಿದ್ದವರು ನಾವು ಮಾತ್ರ. ಕೊನೆಗೆ ಕ್ಯಾಮೆರಾದವನನ್ನು ಪಕ್ಕಕ್ಕೆ ತಳ್ಳಿ, ತಾನೇ ಸ್ಟ್ಯಾಂಡು ಸಮೇತ ಹೊತ್ತು ನಮ್ಮ ಅಂಕಣದ ಗೆರೆಗೆ ತಂದು ಇಟ್ಟ. ಆ ಬೆನ್ನು ಕೊನೆಗೂ ತಿರುಗಿತು. ಕಪ್ಪು ಗಾಜಿನ ಕಣ್ಣೊಂದು ನೇರ ನನ್ನನ್ನು ನೋಡಿತು.

ಆಮೇಲೆ ನಾವು ವೀರಾವೇಶದಿಂದ ಗೆದ್ದೆವು ಎಂದು ಬರೆಯಲು ನನಗೂ ಆಸೆ. ನಾವು ಸೋತೆವು, ಚೆನ್ನಾಗಿಯೇ ಸೋತೆವು. ಕೊನೆಯ ರೇಡಿನಲ್ಲಿ ನಾನು ಇಬ್ಬರನ್ನು ಮುಟ್ಟಿ, ಮೂವರ ಕೆಳಗೆ ಸಿಕ್ಕಿ, ಮಧ್ಯಗೆರೆಗೆ ಕೈ ಚಾಚಿ ಚಾಚಿ, ನಾಲ್ಕು ಬೆರಳು ದೂರದಲ್ಲಿ ಉಸಿರು ಬಿಟ್ಟೆ. ಮುಖವೆಲ್ಲ ಸುಣ್ಣ. ಎದ್ದಾಗ ಹಲಗೆಯ ಮೇಲೆ ಹಲಗೆ ಬಿದ್ದ ಸದ್ದು ಕೇಳಿತು. ಸರ್ ಚಪ್ಪಾಳೆ ತಟ್ಟುತ್ತಿದ್ದರು. ನಿಂತಿದ್ದ ಹುಡುಗರು ಆಗ ಕೈ ಬಿಟ್ಟು ತಮ್ಮ ಆಟ ಆಡಿದರು. ಅದರಲ್ಲಿ ಯಾರು ಗೆದ್ದರೆಂದು ಕೇಳಿದರೆ ನಾನು ಈಗಲೂ ಒಮ್ಮೆ ಯೋಚಿಸಬೇಕು. ನಮ್ಮ ಬಸ್ಸು ತಪ್ಪಿತ್ತು. ಕ್ಯಾಸೆಟ್ ತಕ್ಕೊಂಡು ಅಂಕೋಲೆಗೆ ಹೊರಟಿದ್ದ ಕೇಬಲಿನವನ ಜೀಪಿನಲ್ಲಿಯೇ ಸರ್ ನಮ್ಮನ್ನೂ ತುಂಬಿ, ತಾವು ಮುಂದೆ ಕೂತು, ಒಬ್ಬೊಬ್ಬರನ್ನೂ ಮನೆ ಬಾಗಿಲಿಗೆ ಬಿಟ್ಟರು.

ಮರುದಿನ ಸಂಜೆ ಅಂಕೋಲೆಯಲ್ಲಿ ಅದು ಟೀವಿಯಲ್ಲಿ ಬಂತು. ನಮ್ಮ ಆಯಿ ಪೇಟೆಯ ಪರಿಚಯದವರ ಮನೆಗೆ ಹೋಗಿ ನೆಲದ ಮೇಲೆ ಕೂತು ನೋಡಿದಳು. ಬಂದು, "ಎಂತಾ ಹುಡ್ಗಿಯೇ ನೀನು! ಊರೆಲ್ಲ ಕಾಣೂವಾಗ ಹಂಗೆ ಬಿದ್ಕಂಡ್ಯಲ್ಲೇ! ಅದ್ರ ಮೇಲೆ ಆ ಮೂರು ಜನ ಕೂತ್ರು, ಅವ್ರ ಕೈ ಸೇದಿಹೋಗ್ಲಿ!" ಎಂದು ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದಳು. ಅಧ್ಯಕ್ಷರಿಗೆ ಪೇಟೆಯಲ್ಲಿ ಸಿಕ್ಕವರೆಲ್ಲ, "ನಿಮ್ಮ ಹುಡುಗೀರು ಭಾರೀ ಗಟ್ಟಿಯಪ್ಪ" ಎಂದರಂತೆ. ಅವರು ನನ್ನನ್ನು ಕರೆಸಿ, ಹುಡುಗಿಯರ ತಂಡ ಬೇಡ ಎಂದು ತಾವು ಯಾವತ್ತೂ ಹೇಳಿಯೇ ಇಲ್ಲ ಎನ್ನುವ ಮುಖ ಮಾಡಿ, ಬರುವ ವರ್ಷಕ್ಕೆ ಏನು ಬೇಕೆಂದು ಕೇಳಿದರು. ತಂಡ ಉಳಿಯಿತು. ಆಟಗಾರರ ಮೀಸಲು ಸೀಟಿನಲ್ಲಿ ನಾನು ದೈಹಿಕ ಶಿಕ್ಷಣ ಓದಲು ಹೋದೆ.

ಅದರ ಬೆಲೆ ಕೊಟ್ಟದ್ದು ಸರ್. ಅವರನ್ನು ಕೂಟದ ಜವಾಬ್ದಾರಿಯಿಂದ ತೆಗೆದರು, ಮೈದಾನದಿಂದಲೂ ತೆಗೆದು ಹಾಸ್ಟೆಲಿನ ಉಸ್ತುವಾರಿಗೆ ಹಾಕಿದರು. ಮರುವರ್ಷ ದೊಡ್ಡ ಕಾಲೇಜು ಕೂಟ ಬಿಟ್ಟು ಕೇಬಲಿನವನೊಡನೆ ತನ್ನದೇ ಒಪ್ಪಂದ ಮಾಡಿಕೊಂಡಿತು, ಏಳರ ಕೂಟ ಅಲ್ಲಿಗೆ ನಿಂತಿತು. ನಾನು ರಜೆಯಲ್ಲಿ ಹೋಗಿ ಕಂಡಾಗ ಸರ್ ಹಾಸ್ಟೆಲಿನ ಅಡುಗೆಮನೆಯಲ್ಲಿ ನಿಂತು ಬೇಳೆ ಬೆಂದಿದೆಯೇ ನೋಡುತ್ತಿದ್ದರು. ನಾನು ಪ್ರಿನ್ಸಿಪಾಲರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. "ನೀವು ಸುಮ್ನಿದ್ರೆ ಆಗ್ತಿತ್ತಲ್ಲ ಸರ್, ನಮ್ಮ ಸಲುವಾಗಿ ಹಿಂಗಾಯ್ತು" ಎಂದೆ.

"ಸುಮ್ನೇ ನಿಂತದ್ದಲ್ವಾ ಗೋ ನಾವು?" ಎಂದು ನಕ್ಕರು. ಶನಿವಾರದ ಬಸ್ಸು ಮಾತ್ರ ಅವರು ಬಿಡಲಿಲ್ಲ.

ಒಂದೇ ಕಾಲೇಜು ಬಂದವರನ್ನೆಲ್ಲ ಸೋಲಿಸುವುದನ್ನು ಕಾರವಾರದ ಜನ ಎಷ್ಟು ಸಲ ನೋಡಿಯಾರು? ಎರಡು ವರ್ಷಗಳಲ್ಲಿ ಅವರಿಗೆ ಬೇಜಾರು ಬಂತು. ಪ್ರಿನ್ಸಿಪಾಲರೂ ಬದಲಾದರು. ನಾನು ಓದು ಮುಗಿಸಿ ನನ್ನ ಕಾಲೇಜಿಗೇ ಪಿ.ಡಿ. ಆಗಿ ಬಂದ ಮೇಲೆ ಉಳಿದ ಆರು ಕಾಲೇಜುಗಳ ಬಾಗಿಲು ತಟ್ಟುತ್ತ ತಿರುಗಿದೆ. ಕೂಟ ಮತ್ತೆ ಸೇರುವಷ್ಟರಲ್ಲಿ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸರ್ ನಿವೃತ್ತರಾಗಿ, ಶ್ವಾಸದ ಕಾಯಿಲೆಗೆ ಸಿಕ್ಕಿ, ಬೈತಖೋಲಿನ ಮನೆಯಲ್ಲಿ ಮಲಗಿದ್ದರು. ಮೈದಾನಕ್ಕೆ ಬರುವ ಮಾತೇ ಇರಲಿಲ್ಲ. ಡಾಕ್ಟರು ಕೈ ಚೆಲ್ಲಿದ್ದರು. ಕೂಟದವರೆಗೆ ಉಳಿದಾರೋ ಇಲ್ಲವೋ ಎಂದು ನಾನು ಫೋನು ಬಂದಾಗಲೆಲ್ಲ ಬೆಚ್ಚುತ್ತಿದ್ದೆ. ಗುಡ್ಡದಾಚೆಯ ಆ ಕೇರಿಗೆ ಕೇಬಲ್ಲೂ ಹೋಗಿರಲಿಲ್ಲ.

ಒಪ್ಪಂದದ ಮಾತಿಗೆ ಕೂತಾಗ ಕೇಬಲಿನವನಿಗೆ ನಾನು ಒಂದೇ 'ಕಂಡೀಶನ್' ಹಾಕಿದೆ. "ಹಗ್ಗಕ್ಕೆ ಬರೂಕಾಗದವರ ಪಾಲು ಮನೆಗೆ ಮುಟ್ಟಿಸ್ಬೇಕು" ಎಂದೆ. ಅವನ ಕೂದಲೂ ಅಷ್ಟರಲ್ಲಿ ಬೆಳ್ಳಗಾಗಿತ್ತು. ಏನು ಎತ್ತ ಕೇಳಲಿಲ್ಲ. ತೆಂಗಿನ ಮರದಿಂದ ತೆಂಗಿನ ಮರಕ್ಕೆ ಕಟ್ಟುತ್ತ ಸರ್ ಮನೆಯ ಕಡೆಗೆ ತಂತಿ ಎಳೆಸಿದ. ಮಧ್ಯದಲ್ಲಿ ಒಂದು ಕಡೆ ಗಾಳಿಗೆ ಹರಿದುಬಿತ್ತು. ಫೈನಲ್ಲಿನ ದಿನ ಬೆಳಿಗ್ಗೆಯೂ ಅವನ ಜನ ಮರದ ಮೇಲಿದ್ದರು. ತಂತಿ ಮುಟ್ಟಿತೋ ಇಲ್ಲವೋ ಗೊತ್ತಾಗದೆಯೇ ನಾನು ಮೈದಾನಕ್ಕೆ ಇಳಿದೆ. ಡಬ್ಬಿಯ ಸುಣ್ಣದಿಂದ ಒಂದೇ ಅಂಕಣ ಎಳೆದೆ. ಮೊದಲು ಹುಡುಗಿಯರ ಆಟ. ಅದು ಮುಗಿಯುವವರೆಗೆ ಹುಡುಗರ ಎರಡೂ ತಂಡಗಳು ಗೆರೆಯಾಚೆ ಕೈ ಕೈ ಹಿಡಿದು ನಿಲ್ಲಬೇಕೆಂದು ಹೇಳಿದೆ. ಕ್ಯಾಮೆರಾದವನಿಗೆ, "ಅವ್ರನ್ನೂ ಒಮ್ಮೆ ತೋರ್ಸು" ಎಂದೆ.

ಮರುದಿನ ಬೆಳಿಗ್ಗೆ ಬೈತಖೋಲಿಗೆ ಹೋದೆ. ಸರ್ ಅವರ ಹೆಂಡತಿ ಬಾಗಿಲಲ್ಲಿಯೇ ಸಿಕ್ಕರು. ತಂತಿ ಆಟ ಸುರುವಾಗುವ ಹೊತ್ತಿಗೆ ಸರಿಯಾಗಿ ಮುಟ್ಟಿತ್ತಂತೆ. ದಿಂಬಿಗೆ ಒರಗಿಸಿ ಕೂರಿಸಿದ್ದರಂತೆ. ಪೂರ್ತಿ ಆಟ ಅಂಗೈ ಉಜ್ಜುತ್ತ ಕೂತಿದ್ದರಂತೆ.

"ಮಧ್ಯದಲ್ಲಿ ಆ ಹುಡುಗ್ರು ಕೈ ಹಿಡ್ಕಂಡು ನಿಂತದ್ದು ಬಂತು ನೋಡು ಬಾಯ್, ಆವಾಗ ಚಪ್ಪಾಳೆ ತಟ್ಟಿದ್ರು. ಎಷ್ಟು ಜೋರು ಅಂದ್ರೆ, ಎಂತ ಬಿತ್ತು ಅಂತ ಪಕ್ಕದ ಮನೆಯವ್ರು ಓಡಿ ಬಂದ್ರು" ಎಂದರು.

ಒಳಗೆ ಹೋದೆ. ಸರ್ ಮಲಗಿದ್ದರು. ಮೈಯೆಲ್ಲ ಇಳಿದುಹೋಗಿ, ಹಾಸಿಗೆಯ ಮೇಲೆ ಅಂಗೈಗಳು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತಿದ್ದವು. ಕಣ್ಣು ತೆರೆದು ನನ್ನ ಗುರುತು ಹಿಡಿದರು. "ನಿನ್ನ ಹುಡುಗೀರು ಸೋತ್ರಲ್ಲ ಗೋ" ಎಂದರು.

"ಹೌದು ಸರ್."

"ಎಲ್ರೂ ಕಂಡ್ರಲ್ಲ, ಸಾಕು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಒಂದೇ ಅಂಕಣ ಹಾಕ್ದೆ. ಚಲೋ ಮಾಡ್ದೆ."

ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಆ ತಿಂಗಳು ಕಳೆಯುವುದರೊಳಗೆ ಹೋದರು. ಚಟ್ಟ ಹೊತ್ತವರಲ್ಲಿ ಅಂದು ಕೈ ಹಿಡಿದು ನಿಂತಿದ್ದ ಹುಡುಗರ ನಾಯಕನೂ ಇದ್ದ. ಬಿಣಗಾದಿಂದ, ಕಾರ್ಖಾನೆಯ ಪಾಳಿ ಬಿಟ್ಟು, ಅದೇ ಬಟ್ಟೆಯಲ್ಲಿ ಬಂದಿದ್ದ.

ಈಗಲೂ ನಮ್ಮ ಕೂಟದಲ್ಲಿ ಮೊದಲು ಹುಡುಗಿಯರ ಆಟ, ಹುಡುಗರು ಗೆರೆಯಾಚೆ ಕೈ ಹಿಡಿದು ನಿಲ್ಲುತ್ತಾರೆ. ಯಾಕೆಂದು ಈಗಿನವರಿಗೆ ಗೊತ್ತಿಲ್ಲ, ಕೂಟ ಅಂದರೆ ಹಾಗೇ ಎಂದುಕೊಂಡಿದ್ದಾರೆ. ಅವರು ನಿಂತಾಗ ನಾನು ಒಬ್ಬಳೇ ಚಪ್ಪಾಳೆ ತಟ್ಟುತ್ತೇನೆ. ಅಂಗೈ ಕೆಂಪಾಗುವಷ್ಟು ತಟ್ಟುತ್ತೇನೆ. ಆ ಸದ್ದು ಮಾತ್ರ ನನ್ನ ಕೈಗೆ ಇನ್ನೂ ಬಂದಿಲ್ಲ.